ಒಂದು ಬಂದೂಕು, ನಾಲ್ಕು ಬೆಲೆ: ಹಾಲ್ ಕಾರ್ಬೈನ್ ಪ್ರಕರಣ

ಹೊಸ ವಸ್ತುವಿನ ಬೆಲೆಯನ್ನು ಅದನ್ನು ತಯಾರಿಸಿದವನು ಹೇಳಬಲ್ಲ. ಹಳೆಯ ವಸ್ತುವಿನ ಬೆಲೆಯನ್ನು ಹೇಳುವವರು ಯಾರು? ಕೌಟಿಲ್ಯನ ಅರ್ಥಶಾಸ್ತ್ರಕ್ಕೆ ಈ ಪ್ರಶ್ನೆಯ ತೊಡಕು ತಿಳಿದಿತ್ತು. ಹಳೆಯ ಸರಕುಗಳನ್ನು ಮಾರುವವನು ಅವು ತನ್ನವೇ ಎಂಬುದನ್ನು ಸಿದ್ಧಪಡಿಸಿದ ಮೇಲೆಯೇ ಸಂಸ್ಥಾಧ್ಯಕ್ಷನು ಮಾರಾಟಕ್ಕೆ ಅನುಮತಿ ಕೊಡಬೇಕೆಂದು ಅದು ವಿಧಿಸುತ್ತದೆ. ವ್ಯಾಪಾರಿಯ ಲಾಭವನ್ನೂ ಅದು ಬಿಗಿಹಿಡಿಯುತ್ತದೆ: ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು. ಈ ಎರಡು ಕಟ್ಟಳೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ಅಂತರ್ಯುದ್ಧದ ಮೊದಲ ಬೇಸಗೆಗೆ ಬಂದರೆ, ಅಲ್ಲಿ ನಡೆದ ಒಂದು ಮರುಮಾರಾಟವು ಬೆರಗು ಹುಟ್ಟಿಸುತ್ತದೆ. 1861ರ ಜೂನ್ ತಿಂಗಳಲ್ಲಿ ಸರ್ಕಾರವು ತನ್ನ ಉಗ್ರಾಣದ ಹಳೆಯ ಬಂದೂಕುಗಳನ್ನು ಒಂದಕ್ಕೆ ಮೂರೂವರೆ ಡಾಲರಿನಂತೆ ಮಾರಲು ಒಪ್ಪಿತು. ಆಗಸ್ಟ್ ತಿಂಗಳಲ್ಲಿ ಅದೇ ಸರ್ಕಾರದ ಒಬ್ಬ ಸೇನಾಪತಿ ಅವೇ ಬಂದೂಕುಗಳನ್ನು ಒಂದಕ್ಕೆ ಇಪ್ಪತ್ತೆರಡು ಡಾಲರಿನಂತೆ ಕೊಳ್ಳಲು ಒಪ್ಪಿದನು. ಎರಡು ಒಪ್ಪಂದಗಳ ನಡುವೆ ಕಳೆದದ್ದು ಎರಡು ತಿಂಗಳು ಮಾತ್ರ.

ಇತಿಹಾಸದಲ್ಲಿ ‘ಹಾಲ್ ಕಾರ್ಬೈನ್ ಪ್ರಕರಣ’ವೆಂದು ಹೆಸರಾದ ಈ ಘಟನೆಯು ಎರಡು ಕಾರಣಗಳಿಂದ ಅಧ್ಯಯನಯೋಗ್ಯವಾಗಿದೆ. ಬಳಸಿದ ಅಥವಾ ಬದಿಗೊತ್ತಿದ ಆಯುಧವೊಂದಕ್ಕೆ ಬೆಲೆ ಕಟ್ಟುವ ಕ್ರಮವು ಇಲ್ಲಿ ಹೆಜ್ಜೆಹೆಜ್ಜೆಯಾಗಿ ದಾಖಲೆಗೊಂಡಿದೆ. ಅಲ್ಲದೆ, ಆ ದಾಖಲೆಯನ್ನು ಮುಂದಿನ ಬರಹಗಾರರು ಓದಿದ ರೀತಿಯು ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಪಾಠಾಂತರದ ಸಮಸ್ಯೆಯನ್ನೇ ನೆನಪಿಸುತ್ತದೆ.

ಮೊದಲು ಬಂದೂಕಿನ ವಿಚಾರ. ಮೇನ್ ಪ್ರಾಂತದ ಜಾನ್ ಹಾಲ್ ಎಂಬವನು 1811ರಲ್ಲಿ ಹಿಂಬದಿಯಿಂದ ಮದ್ದುಗುಂಡು ತುಂಬುವ ಬಂದೂಕಿಗೆ ಹಕ್ಕುಪತ್ರ ಪಡೆದನು. ಪಡೆದನು ಎನ್ನುವುದಕ್ಕಿಂತ ಹಂಚಿಕೊಂಡನು ಎನ್ನುವುದು ಸರಿ. ಹಕ್ಕುಪತ್ರ ಕಚೇರಿಯ ಮುಖ್ಯಸ್ಥನಾಗಿದ್ದ ವಿಲಿಯಂ ಥಾರ್ನ್‌ಟನ್ ಈ ಕಲ್ಪನೆ ತನಗೂ ಮೊದಲೇ ಹೊಳೆದಿತ್ತೆಂದು ಹೇಳಿ, ಪತ್ರದಲ್ಲಿ ತನ್ನ ಹೆಸರನ್ನೂ ಸೇರಿಸಿದನು. ಈ ಬಂದೂಕಿನ ಚರಿತ್ರೆಯಲ್ಲಿ ಇನ್ನೊಬ್ಬರ ದುಡಿಮೆಯ ಮೇಲೆ ಹೆಸರು ಬರೆದುಕೊಳ್ಳುವ ಪ್ರಸಂಗ ಅದೇ ಮೊದಲು, ಕೊನೆಯದಲ್ಲ. ಅಂದಿನ ಸಾಮಾನ್ಯ ಬಂದೂಕಿಗೆ ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಇಳಿಸಿ, ಸಲಾಕೆಯಿಂದ ಜಡಿಯಬೇಕಾಗಿತ್ತು. ಹಾಲ್‌ನ ಬಂದೂಕಿನಲ್ಲಿ ನಳಿಗೆಯ ಹಿಂಭಾಗದ ಮದ್ದಿನ ಗೂಡು ಬೇರೆಯೇ ತುಂಡಾಗಿದ್ದು, ಮೇಲಕ್ಕೆ ಏಳುತ್ತಿತ್ತು. ಅದನ್ನು ತುಂಬಿ ಮತ್ತೆ ಒತ್ತಿ ಕೂರಿಸಿದರೆ ಸಾಕು. ಕುದುರೆಯ ಮೇಲೆ ಕುಳಿತ ಸವಾರನಿಗೆ ಇದು ಎಷ್ಟು ಅನುಕೂಲವೆಂಬುದನ್ನು ವಿವರಿಸಬೇಕಾಗಿಲ್ಲ. 1833ರಿಂದ ಅಮೆರಿಕದ ಅಶ್ವದಳಕ್ಕಾಗಿ ಇದರ ಗಿಡ್ಡ ನಳಿಗೆಯ ರೂಪ, ಎಂದರೆ ಕಾರ್ಬೈನ್, ತಯಾರಾಯಿತು.

ತಯಾರಿಕೆಯ ಚರಿತ್ರೆಯಲ್ಲಿ ಹಾಲ್‌ನ ಸ್ಥಾನ ದೊಡ್ಡದು. ಹಾರ್ಪರ್ಸ್ ಫೆರಿಯಲ್ಲಿ ಅವನು ನಿರ್ಮಿಸಿದ ಯಂತ್ರಗಳಿಂದ ಬಂದ ಬಿಡಿಭಾಗಗಳೂ ದೂರದ ಕನೆಕ್ಟಿಕಟ್‌ನಲ್ಲಿ ಸಿಮಿಯನ್ ನಾರ್ತ್ ಎಂಬವನು ಮಾಡಿಸಿದ ಬಿಡಿಭಾಗಗಳೂ ಒಂದಕ್ಕೊಂದು ಕೂಡುತ್ತಿದ್ದವು. ಅಲ್ಲಿಯವರೆಗೆ ಪ್ರತಿ ಬಂದೂಕೂ ಒಬ್ಬ ಕಮ್ಮಾರನ ಕೈಕೆಲಸವಾಗಿತ್ತು. ಒಂದರ ಭಾಗ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಆದರೆ ಆ ಬಂದೂಕಿಗೆ ಒಂದು ಹುಟ್ಟುದೋಷವಿತ್ತು. ಮದ್ದಿನ ಗೂಡೂ ನಳಿಗೆಯೂ ಕೂಡುವ ಸಂದಿಯಿಂದ ಉರಿಯುವ ಅನಿಲ ಹೊರನುಗ್ಗುತ್ತಿತ್ತು. ಬಳಕೆ ಹೆಚ್ಚಿ ಲೋಹ ಸವೆದಂತೆ ಸಂದಿ ಅಗಲವಾಗುತ್ತಿತ್ತು, ಹೊಡೆತದ ಬಲ ಕುಗ್ಗುತ್ತಿತ್ತು. 1850ರ ದಶಕದ ಆರಂಭದಲ್ಲಿ ಇದರ ತಯಾರಿಕೆ ನಿಂತಿತು. ಶಾರ್ಪ್ಸ್ ಮೊದಲಾದ ಉತ್ತಮ ಬಂದೂಕುಗಳು ಬಂದವು. ಹಾಲ್‌ನವು ಉಗ್ರಾಣ ಸೇರಿದವು.

1861ರ ಏಪ್ರಿಲ್‌ನಲ್ಲಿ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರು ಗುಂಡು ಹಾರಿಸಿದಾಗ ಉತ್ತರದ ಸರ್ಕಾರಕ್ಕೆ ಸಾಕಷ್ಟು ಶಸ್ತ್ರಗಳಿರಲಿಲ್ಲ. ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ಹಿಮ್ಮೆಟ್ಟುವಾಗ ಅದರ ಸೈನಿಕರೇ ಬೆಂಕಿಯಿಟ್ಟಿದ್ದರು. ಯೂರೋಪಿನ ರಾಜ್ಯಗಳು ತಮ್ಮ ಹಳೆಯ ಬಂದೂಕುಗಳನ್ನೆಲ್ಲ ಈ ಗಿರಾಕಿಗೆ ಸಾಗಿಸಲು ಆತುರಪಡುತ್ತಿದ್ದವು. ಇಂಥ ಹೊತ್ತಿನಲ್ಲಿ ಶಸ್ತ್ರಾಸ್ತ್ರ ಇಲಾಖೆಯ ಮುಖ್ಯಸ್ಥ ಜೇಮ್ಸ್ ರಿಪ್ಲಿ ಸುಮಾರು ಐದು ಸಾವಿರ ಹಾಲ್ ಕಾರ್ಬೈನುಗಳನ್ನು ಮಾರಲು ಮುಂದಾದನು. ಮೇಲ್ನೋಟಕ್ಕೆ ಇದು ಹುಚ್ಚುತನ. ಆದರೆ ರಿಪ್ಲಿ ಮೂರ್ಖನೂ ಅಲ್ಲ, ಲಂಚಕೋರನೂ ಅಲ್ಲ. ಸೇನೆಯಲ್ಲಿ ಬಗೆಬಗೆಯ ಬಂದೂಕುಗಳಿದ್ದರೆ ಬಗೆಬಗೆಯ ಗುಂಡುಗಳನ್ನು ಒದಗಿಸಬೇಕಾಗುತ್ತದೆ. ಆದ್ದರಿಂದ ಒಂದೇ ಮಾದರಿಯಿರಲಿ ಎಂಬುದು ಅವನ ಹಟ. ಆ ದೃಷ್ಟಿಯಿಂದ ಹಾಲ್ ಕಾರ್ಬೈನು ಜಾಗ ತಿನ್ನುವ ಹಳೆಯ ಕಬ್ಬಿಣ. ನ್ಯೂ ಹ್ಯಾಂಪ್‌ಶೈರಿನ ಆರ್ಥರ್ ಈಸ್ಟ್‌ಮನ್ ಎಂಬವನು ಕೊಳ್ಳಲು ಬಂದನು. ಒಂದಕ್ಕೆ 3.50 ಡಾಲರ್ ಎಂದು ನಿರ್ಧಾರವಾಯಿತು. ಯುದ್ಧಕಾರ್ಯದರ್ಶಿ ಸೈಮನ್ ಕ್ಯಾಮರನ್ ಜೂನ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟನು. ಎಣಿಸಿದಾಗ ಸಿಕ್ಕಿದ್ದು 4,996 ಬಂದೂಕುಗಳು. ಒಟ್ಟು ಬೆಲೆ 17,486 ಡಾಲರ್. ಇದು ಮೊದಲನೆಯ ಬೆಲೆ. ಈ ಬೆಲೆಯನ್ನು ಕಟ್ಟಿದವನು ಶಸ್ತ್ರವನ್ನು ಇನ್ನು ಬಳಸಲಾರೆನೆಂದು ತೀರ್ಮಾನಿಸಿದವನು.

ಈಸ್ಟ್‌ಮನ್‌ನ ಬಳಿ ಹಣವಿರಲಿಲ್ಲ. ಜೂನ್ ಕಳೆಯಿತು, ಜುಲೈ ಕಳೆಯಿತು, ಬಂದೂಕುಗಳು ಸರ್ಕಾರದ ಉಗ್ರಾಣದಲ್ಲೇ ಇದ್ದವು. ಜುಲೈ 21ರಂದು ಬುಲ್ ರನ್‌ನಲ್ಲಿ ಉತ್ತರದ ಸೇನೆ ಸೋತು ಚದುರಿತು. ಯುದ್ಧ ನಾಲ್ಕು ದಿನದ ಮಾತಲ್ಲವೆಂಬುದು ಎಲ್ಲರಿಗೂ ಅಂದು ತಿಳಿಯಿತು. ಬಂದೂಕಿಗೆ ಸಂಬಂಧಿಸಿದ ಪ್ರತಿಯೊಂದು ಲೆಕ್ಕವೂ ಆ ದಿನದಿಂದ ಬದಲಾಯಿತು. ತಿಂಗಳ ಕೊನೆಯ ಹೊತ್ತಿಗೆ ನ್ಯೂಯಾರ್ಕಿನ ವಕೀಲ ಸೈಮನ್ ಸ್ಟೀವನ್ಸ್ ಈಸ್ಟ್‌ಮನ್‌ನೊಡನೆ ಮಾತುಕತೆ ನಡೆಸಿ, ಅದೇ ಬಂದೂಕುಗಳನ್ನು ಒಂದಕ್ಕೆ 12.50 ಡಾಲರಿನಂತೆ ಕೊಳ್ಳಲು ಒಪ್ಪಿದನು. ಇದು ಎರಡನೆಯ ಬೆಲೆ. ಈ ಹಂತದಲ್ಲಿ ಮಾರುವವನ ಕೈಯಲ್ಲಿ ಸರಕಿರಲಿಲ್ಲ, ಕೊಳ್ಳುವವನ ಕೈಯಲ್ಲಿ ಹಣವಿರಲಿಲ್ಲ ಎಂಬುದು ಗಮನಾರ್ಹ.

ಆಗಸ್ಟ್ 5ರಂದು ಸ್ಟೀವನ್ಸ್ ಸೇಂಟ್ ಲೂಯಿಸ್‌ಗೆ ತಂತಿ ಕಳುಹಿಸಿದನು. ಅಲ್ಲಿ ಪಶ್ಚಿಮ ವಿಭಾಗದ ಸೇನಾಪತಿಯಾಗಿದ್ದವನು ಜಾನ್ ಫ್ರೆಮಾಂಟ್. ಪಶ್ಚಿಮದ ಅಪರಿಚಿತ ನೆಲಗಳನ್ನು ಅಳೆದ ಅನ್ವೇಷಕನೆಂದು ಅವನಿಗೆ ಕೀರ್ತಿ. 1856ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದವನು. ಸ್ಟೀವನ್ಸ್‌ಗೂ ಅವನಿಗೂ ಹಿಂದಿನ ಪರಿಚಯವಿತ್ತು. ಮಿಸ್ಸೌರಿಯಲ್ಲಿ ಶತ್ರುಗಳು ಒತ್ತಿ ಬರುತ್ತಿದ್ದರು, ಸೈನಿಕರು ಬರಿಗೈಯಲ್ಲಿದ್ದರು. ತಂತಿಯ ಒಕ್ಕಣೆಯಲ್ಲಿ ಸರಕಿನ ವರ್ಣನೆಯಿತ್ತು: ಉಕ್ಕಿನ ನಳಿಗೆ, ಗೀರು ಹಾಕಿದ್ದು, ಹಿಂಬದಿ ತುಂಬುವಂಥದು, ಹೊಸದು, ಬೆಲೆ 22 ಡಾಲರ್. ಮರುದಿನವೇ ಫ್ರೆಮಾಂಟ್ ಅಷ್ಟನ್ನೂ ಕೊಳ್ಳುವೆನೆಂದು ಉತ್ತರಿಸಿದನು. ನಾಲ್ಕು ದಿನಗಳಲ್ಲಿ ವಿಲ್ಸನ್ಸ್ ಕ್ರೀಕ್ ಕದನದಲ್ಲಿ ಅವನ ಅಧೀನ ಸೇನಾನಿ ನಥಾನಿಯೆಲ್ ಲಯನ್ ಹತನಾದನು. ಬಂದೂಕು ಬೇಕೆಂಬ ಅವನ ಆತುರ ನಟನೆಯಾಗಿರಲಿಲ್ಲ.

ಮಾರಾಟದ ವರ್ಣನೆಯನ್ನು ಇನ್ನೊಮ್ಮೆ ಓದಬೇಕು. ತಂತಿ ಹೊರಟ ದಿನ ಆ ಬಂದೂಕುಗಳ ಹಣ ಪಾವತಿಯಾಗಿರಲಿಲ್ಲ, ಸ್ವಾಮ್ಯ ಸರ್ಕಾರದ್ದೇ ಆಗಿತ್ತು, ಒಂದು ನಳಿಗೆಗೂ ಗೀರು ಬಿದ್ದಿರಲಿಲ್ಲ. ‘ಗೀರು ಹಾಕಿದ್ದು’ ಎಂಬುದು ಆಗ ನಡೆದ ಕೆಲಸವಲ್ಲ, ಮುಂದೆ ನಡೆಯಬೇಕಾದ ಕೆಲಸ. ‘ಹೊಸದು’ ಎಂಬ ಪದವಂತೂ ಇನ್ನೂ ಜಾರುವಂಥದು. ಉಗ್ರಾಣದಲ್ಲಿ ವರ್ಷಗಟ್ಟಲೆ ಕುಳಿತ ಆಯುಧವನ್ನು ಯಾರೂ ಹಾರಿಸದಿದ್ದರೆ ಅದನ್ನು ಹೊಸದೆನ್ನಬೇಕೋ ಹಳೆಯದೆನ್ನಬೇಕೋ? ವ್ಯಾಪಾರಿಯ ನಿಘಂಟಿನಲ್ಲಿ ಅದು ಹೊಸದು. ಇಲಾಖೆಯ ಪಟ್ಟಿಯಲ್ಲಿ ಅದು ಕಾಲ ತೀರಿದ್ದು. ಸ್ವಾಮ್ಯವನ್ನು ಮೊದಲು ಸಿದ್ಧಪಡಿಸಬೇಕೆಂಬ ಕೌಟಿಲ್ಯನ ನಿಯಮ ಅಲ್ಲಿದ್ದಿದ್ದರೆ ಆ ತಂತಿ ಹೊರಡುವಂತೆಯೇ ಇರಲಿಲ್ಲ.

ಆಗಸ್ಟ್ 7ರಂದು ಹಣ ಬಂದಿತು. ಕೊಟ್ಟವನು ಜಾನ್ ಪಿಯರ್‌ಪಾಂಟ್ ಮೋರ್ಗನ್. ಮುಂದೆ ಅಮೆರಿಕದ ರೈಲು, ಉಕ್ಕು, ಬ್ಯಾಂಕುಗಳ ಮೇಲೆ ಒಡೆತನ ಸಾಧಿಸಲಿದ್ದ ಅವನಿಗೆ ಆಗ 24 ವರ್ಷ. ಅವನು ಸ್ಟೀವನ್ಸ್‌ಗೆ 20,000 ಡಾಲರ್ ಸಾಲ ಕೊಟ್ಟನು, ಬಂದೂಕುಗಳನ್ನೇ ಅಡವಾಗಿ ಇಟ್ಟುಕೊಂಡನು. ಆ ಮೊತ್ತದಲ್ಲಿ ಸರ್ಕಾರಕ್ಕೆ ಸಲ್ಲಬೇಕಾದ 17,486 ಡಾಲರ್ ಸಂದಾಯವಾಯಿತು, ಉಳಿದದ್ದು ಈಸ್ಟ್‌ಮನ್‌ಗೆ ಹೋಯಿತು. ಹೀಗೆ ಸರ್ಕಾರವು ತನ್ನ ಸೇನಾಪತಿ ಹಿಂದಿನ ದಿನವೇ 22 ಡಾಲರಿಗೆ ಕೊಳ್ಳಲೊಪ್ಪಿದ್ದ ಬಂದೂಕನ್ನು ಮೂರೂವರೆ ಡಾಲರಿಗೆ ಬಿಟ್ಟುಕೊಟ್ಟಿತು. ವಾಷಿಂಗ್ಟನ್ನಿನ ಕೈ ಮಾರುತ್ತಿದ್ದುದು ಸೇಂಟ್ ಲೂಯಿಸ್‌ನ ಕೈಗೆ ತಿಳಿಯಲಿಲ್ಲ. ಅಲ್ಲಿ ಕೊಳ್ಳುತ್ತಿದ್ದುದು ಇಲ್ಲಿಗೆ ತಿಳಿಯಲಿಲ್ಲ. ಸ್ಟೀವನ್ಸ್ ಮಾರಿದ್ದು ಬಂದೂಕನ್ನಲ್ಲ, ಈ ಎರಡು ಕೈಗಳ ನಡುವಿನ ಅಜ್ಞಾನವನ್ನು ಎಂದರೆ ತಪ್ಪಾಗದು.

ಇನ್ನು ಮಾರ್ಪಾಡಿನ ಕೆಲಸ. ಕಾರ್ಬೈನಿನ ನಳಿಗೆಯ ಒಳಮೈ ನುಣುಪಾಗಿತ್ತು. ಅದರಲ್ಲಿ ಸುರುಳಿಯಾಗಿ ಗೀರುಗಳನ್ನು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಹೋಗುತ್ತದೆ. ಗುರಿಯ ದೂರ ಹೆಚ್ಚುತ್ತದೆ. ಅದರ ಜೊತೆಗೆ ಮದ್ದಿನ ಗೂಡನ್ನೂ ಹಿಗ್ಗಿಸಲಾಯಿತು. ಇದಕ್ಕೆ ತಗುಲಿದ್ದು ಬಂದೂಕು ಒಂದಕ್ಕೆ ಒಂದು ಡಾಲರಿನ ಆಸುಪಾಸು. ಕೆಲಸ ನಿಜವಾದದ್ದು, ಅದರಿಂದ ಆಯುಧದ ಗುಣ ಹೆಚ್ಚಿದ್ದೂ ನಿಜ. ಸಂದಿಯಿಂದ ಅನಿಲ ಸೋರುವ ಮೂಲದೋಷವನ್ನು ಮಾತ್ರ ಗೀರು ಹಾಕುವುದರಿಂದ ಸರಿಪಡಿಸಲಾಗುತ್ತಿರಲಿಲ್ಲ. ಹದಿನೆಂಟೂವರೆ ಡಾಲರಿನ ಏರಿಕೆಯಲ್ಲಿ ಕಮ್ಮಾರನ ಪಾಲು ಸುಮಾರು ಒಂದು ಡಾಲರ್. ಉಳಿದದ್ದು ಕೈಯಿಂದ ಕೈಗೆ ದಾಟಿದ ಕಾಗದಗಳದ್ದು. ಅದೇ ವರ್ಷ ಸರ್ಕಾರವು ಹೊಚ್ಚ ಹೊಸ ಶಾರ್ಪ್ಸ್ ಕಾರ್ಬೈನಿಗೆ ಸುಮಾರು 30 ಡಾಲರ್ ಕೊಡುತ್ತಿತ್ತು ಎಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಇಪ್ಪತ್ತೆರಡು ಡಾಲರ್ ಎಂಬುದು ಅಂದಿನ ಪೇಟೆಯಲ್ಲಿ ನಂಬಲಾಗದ ಬೆಲೆಯೇನೂ ಆಗಿರಲಿಲ್ಲ. ಮೂರೂವರೆ ಡಾಲರನ್ನು ಪಕ್ಕದಲ್ಲಿಟ್ಟಾಗ ಮಾತ್ರ ಅದು ಕಣ್ಣು ಕುಕ್ಕುತ್ತದೆ.

ಮೊದಲ 2,500 ಬಂದೂಕುಗಳು ಸೇಂಟ್ ಲೂಯಿಸ್ ತಲುಪಿದವು. ಸೆಪ್ಟೆಂಬರ್ 14ರ ವೇಳೆಗೆ ಅವುಗಳ ಬಾಬ್ತು 55,550 ಡಾಲರ್ ಮೋರ್ಗನ್‌ನ ಕೈಸೇರಿತು. ಸಾಲ ಕೊಟ್ಟು 38 ದಿನಗಳಾಗಿದ್ದವು. ತನ್ನ ಅಸಲು, ಬಡ್ಡಿ, ಕಮಿಷನ್ನುಗಳನ್ನು ಹಿಡಿದುಕೊಂಡು ಅವನು ವ್ಯವಹಾರದಿಂದ ಹೊರಬಂದನು. ಉಳಿದರ್ಧಕ್ಕೆ ಕೆಚಮ್ ಎಂಬ ಇನ್ನೊಂದು ಲೇವಾದೇವಿ ಮನೆತನದ ಹಣ ನಿಂತಿತು. ಅಷ್ಟರಲ್ಲಿ ಗುಲ್ಲೆದ್ದಿತು. ಸರ್ಕಾರಿ ಗುತ್ತಿಗೆಗಳ ತನಿಖೆಗಾಗಿ ಜನಪ್ರತಿನಿಧಿ ಸಭೆ ನೇಮಿಸಿದ್ದ, ವ್ಯಾನ್ ವೈಕ್ ಅಧ್ಯಕ್ಷತೆಯ ಸಮಿತಿಯು ಈ ವ್ಯವಹಾರವನ್ನು ಕಟುವಾಗಿ ಖಂಡಿಸಿತು. ಫ್ರೆಮಾಂಟ್ ನವೆಂಬರ್‌ನಲ್ಲಿ ಪದಚ್ಯುತನಾದನು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಎರಡನೆಯ ಕಂತಿನ 58,175 ಡಾಲರನ್ನು ಸರ್ಕಾರ ತಡೆಹಿಡಿಯಿತು.

ನಾಲ್ಕನೆಯ ಬೆಲೆ ಹುಟ್ಟಿದ್ದು ಆಗ. 1862ರಲ್ಲಿ ಯುದ್ಧಸಾಮಗ್ರಿಯ ಗುತ್ತಿಗೆಗಳನ್ನು ಪರಿಶೀಲಿಸಲು ಜೋಸೆಫ್ ಹೋಲ್ಟ್ ಮತ್ತು ರಾಬರ್ಟ್ ಡೇಲ್ ಓವನ್ ಎಂಬ ಇಬ್ಬರನ್ನು ನೇಮಿಸಲಾಯಿತು. ಓವನ್ ಪ್ರಸಿದ್ಧ ಸಮಾಜಸುಧಾರಕ ರಾಬರ್ಟ್ ಓವನ್‌ನ ಮಗ. ಇವರು ಮೂರೂವರೆಯನ್ನೂ ಒಪ್ಪಲಿಲ್ಲ, ಇಪ್ಪತ್ತೆರಡನ್ನೂ ಒಪ್ಪಲಿಲ್ಲ. ಮಾರ್ಪಾಡಾದ ಹಾಲ್ ಕಾರ್ಬೈನಿನ ನ್ಯಾಯಬೆಲೆ 13.31 ಡಾಲರ್ ಎಂದರು. ಐದು ಸಾವಿರಕ್ಕೆ 66,550. ಕೊಟ್ಟಾಗಿದ್ದ 55,550ನ್ನು ಕಳೆದರೆ ಸರ್ಕಾರ ಇನ್ನು ಕೊಡಬೇಕಾದದ್ದು 11,000 ಮಾತ್ರ. ಈ ಬೆಲೆಯು ಸ್ಟೀವನ್ಸ್ ಈಸ್ಟ್‌ಮನ್‌ಗೆ ಒಪ್ಪಿದ್ದ ಬೆಲೆಗಿಂತ 81 ಸೆಂಟ್ ಮಾತ್ರ ಹೆಚ್ಚು. ಎಂದರೆ, ಈಸ್ಟ್‌ಮನ್ ಪಡೆದ ಲಾಭವನ್ನು ಅವರು ಬಹುಮಟ್ಟಿಗೆ ಉಳಿಸಿ, ಸ್ಟೀವನ್ಸ್ ಪಡೆಯಲಿದ್ದ ಲಾಭವನ್ನು ಒರಸಿದರು. ಒಂದು ಲಾಭ ನ್ಯಾಯವಾದದ್ದು, ಇನ್ನೊಂದು ಅನ್ಯಾಯವಾದದ್ದು ಏಕೆ ಎಂಬ ಪ್ರಶ್ನೆ ಇಲ್ಲಿ ಏಳದೆ ಇರದು. ಉತ್ತರ ಬಹುಶಃ ಇಷ್ಟೆ: ಈಸ್ಟ್‌ಮನ್ ಕೊಂಡದ್ದು ಸರ್ಕಾರದಿಂದ, ಸ್ಟೀವನ್ಸ್ ಮಾರಿದ್ದು ಸರ್ಕಾರಕ್ಕೆ. ಮಾರುವಾಗ ಮೋಸಹೋದೆನೆಂದು ಯಾವ ಸರ್ಕಾರವೂ ಒಪ್ಪಿಕೊಳ್ಳುವುದಿಲ್ಲ.

ಸ್ಟೀವನ್ಸ್ ಹಕ್ಕುಸಂಬಂಧದ ನ್ಯಾಯಾಲಯಕ್ಕೆ ಹೋದನು. ಯುದ್ಧ ಮುಗಿದ ಮೇಲೆ ತೀರ್ಪು ಬಂದಿತು. ನ್ಯಾಯಾಲಯವು ನ್ಯಾಯಬೆಲೆ ಯಾವುದೆಂದು ಹುಡುಕಲು ಹೋಗಲಿಲ್ಲ. ಬಿಕ್ಕಟ್ಟಿನ ಕಾಲದಲ್ಲಿ ಸೇನಾಪತಿಯೊಬ್ಬನು ತಂತಿಯ ಮೂಲಕ ಬೆಲೆ ಒಪ್ಪಿದ್ದಾನೆ, ಸರಕು ಮುಟ್ಟಿದೆ. ಒಪ್ಪಂದ ಒಪ್ಪಂದವೇ ಎಂದು ಅದು ಸ್ಟೀವನ್ಸ್‌ನ ಪರವಾಗಿ ನಿರ್ಣಯಿಸಿತು. ಸಮಿತಿಯು ನೀತಿಯನ್ನು ನೋಡಿತು, ಆಯೋಗವು ವಸ್ತುವನ್ನು ನೋಡಿತು, ನ್ಯಾಯಾಲಯವು ಮಾತನ್ನು ನೋಡಿತು.

ಘಟನೆಯ ಚರಿತ್ರೆ ಇಲ್ಲಿಗೆ ಮುಗಿದರೂ ಕಥನದ ಚರಿತ್ರೆ ಇನ್ನೂ ಬಾಕಿಯಿದೆ. ಹೋಲ್ಟ್–ಓವನ್ ಆಯೋಗದ ಕಡತಗಳಲ್ಲಿ ಇದು 97ನೆಯ ಪ್ರಕರಣ. ಅದರ ತಲೆಬರಹದಲ್ಲಿದ್ದ ಹೆಸರು ಸ್ಟೀವನ್ಸ್‌ನದಲ್ಲ, ಮೋರ್ಗನ್‌ನದು. ಅರ್ಧ ಶತಮಾನ ಕಳೆದು ಗುಸ್ಟಾವಸ್ ಮೈಯರ್ಸ್ ಎಂಬ ಲೇಖಕನು ಅಮೆರಿಕದ ಮಹಾಸಂಪತ್ತುಗಳ ಚರಿತ್ರೆಯನ್ನು ಬರೆಯಲು ಈ ಕಡತಗಳನ್ನು ಬಿಚ್ಚಿದಾಗ ಅವನ ಕಣ್ಣಿಗೆ ಮೊದಲು ಬಿದ್ದದ್ದು ಆ ಹೆಸರು. ಆ ಹೊತ್ತಿಗೆ ಮೋರ್ಗನ್ ದೇಶದ ಅತ್ಯಂತ ಪ್ರಬಲ ಧನಿಕ. ಮೈಯರ್ಸ್‌ನ ಕಥನದಲ್ಲಿ ಈಸ್ಟ್‌ಮನ್, ಸ್ಟೀವನ್ಸ್ ಇಬ್ಬರೂ ನೆರಳಾದರು. ಸರ್ಕಾರದ ತಿರಸ್ಕೃತ ಬಂದೂಕುಗಳನ್ನು ಸರ್ಕಾರಕ್ಕೇ ಮಾರಿದ ತರುಣ ಮೋರ್ಗನ್ ನಾಯಕನಾದನು. 1934ರಲ್ಲಿ ಮ್ಯಾಥ್ಯೂ ಜೋಸೆಫ್‌ಸನ್ ತನ್ನ ‘ರಾಬರ್ ಬ್ಯಾರನ್ಸ್’ ಕೃತಿಯಲ್ಲಿ ಈ ಕಥೆಯನ್ನು ಇನ್ನಷ್ಟು ಓದುಗರಿಗೆ ತಲುಪಿಸಿದನು. ಹೇಳಿಕೆಯಿಂದ ಹೇಳಿಕೆಗೆ ಪಾಠ ಬದಲಾಗುತ್ತ ಹೋಯಿತು. ‘ಕಾಲ ತೀರಿದ್ದು’ ಎಂಬುದು ‘ಅಪಾಯಕರವೆಂದು ತಿರಸ್ಕರಿಸಿದ್ದು’ ಎಂದಾಯಿತು. ಸಾಲಗಾರನ ಅಡವು ಸಾಲ ಕೊಟ್ಟವನ ಸರಕಾಯಿತು. ಹಾರಿಸಿದ ಸೈನಿಕರ ಹೆಬ್ಬೆರಳನ್ನೇ ಕೀಳುವ ಬಂದೂಕುಗಳೆಂಬ ಮಾತೂ ಸೇರಿಕೊಂಡಿತು. ಹಳಗನ್ನಡ ಓಲೆಪ್ರತಿಗಳಲ್ಲಿ ಲಿಪಿಕಾರನು ಅಂಚಿನ ಟಿಪ್ಪಣಿಯನ್ನು ಮೂಲದೊಳಕ್ಕೆ ಸೇರಿಸುವ ಬಗೆಯನ್ನು ಬಲ್ಲವರಿಗೆ ಈ ಬೆಳವಣಿಗೆ ಹೊಸದಾಗಿ ಕಾಣದು.

ಈ ಪಾಠಾಂತರಗಳನ್ನು ಒಂದೊಂದಾಗಿ ಬಿಡಿಸಿದವನು ಗಾರ್ಡನ್ ವಾಸನ್. 1941ರಲ್ಲಿ ಮೊದಲು ಹೊರಬಂದು 1948ರಲ್ಲಿ ಪರಿಷ್ಕೃತವಾದ ಅವನ ಪುಸ್ತಕವು ಈ ಪ್ರಕರಣವನ್ನು ಸಮಕಾಲೀನ ಜಾನಪದದ ಅಧ್ಯಯನವೆಂದೇ ಕರೆದುಕೊಂಡಿದೆ. ಮೂಲದಾಖಲೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಯಾವ ಲೇಖಕನು ಯಾರಿಂದ ಏನನ್ನು ಪಡೆದು ಏನನ್ನು ಸೇರಿಸಿದನೆಂದು ತೋರಿಸುವ ಅವನ ಕ್ರಮವು ಯಾವ ಗ್ರಂಥಸಂಪಾದಕನೂ ಮೆಚ್ಚುವಂಥದು. ಭಾರತೀಯ ವಿದ್ವಾಂಸರಿಗೆ ಈ ಹೆಸರು ಬೇರೊಂದು ಕಾರಣದಿಂದ ಗೊತ್ತಿರಬೇಕು: ಋಗ್ವೇದದ ಸೋಮವು ಕೆಂಪು ಟೋಪಿಯ ಒಂದು ಅಣಬೆಯೆಂದು 1968ರಲ್ಲಿ ವಾದಿಸಿ ವೇದವಿದ್ವಾಂಸರ ನಡುವೆ ಚರ್ಚೆ ಎಬ್ಬಿಸಿದವನು ಇದೇ ವಾಸನ್. ಆದರೆ ಒಂದು ಸಂಗತಿಯನ್ನು ಮರೆಮಾಚುವಂತಿಲ್ಲ. ಅವನ ಜೀವನೋಪಾಯದ ಉದ್ಯೋಗವಿದ್ದದ್ದು ಮೋರ್ಗನ್ ಬ್ಯಾಂಕಿನಲ್ಲಿ. ಅನ್ನ ಕೊಟ್ಟ ಮನೆಯ ಹಿರಿಯನ ಮೇಲಿನ ಕಳಂಕವನ್ನು ತೊಳೆಯಲು ಹೊರಟವನ ವಿದ್ವತ್ತು ಎಷ್ಟೇ ಶುದ್ಧವಾಗಿದ್ದರೂ ಅದನ್ನು ಇನ್ನೊಮ್ಮೆ ಸೋಸಿ ನೋಡುವುದು ಓದುಗನ ಕರ್ತವ್ಯ. ರಾಜಾಶ್ರಯದ ಕವಿಗಳ ಪ್ರಶಸ್ತಿಗಳನ್ನು ಓದುವಾಗ ಕನ್ನಡ ವಿದ್ವಾಂಸರು ತೋರುವ ಎಚ್ಚರವೇ ಇಲ್ಲಿಯೂ ಬೇಕು.

ಹಾಗೆ ಸೋಸಿದಾಗ ವಾಸನ್‌ನ ವಾದದ ಬಹುಭಾಗ ನಿಲ್ಲುತ್ತದೆ. ಬಂದೂಕುಗಳ ಬೆಲೆಯನ್ನು ಏರಿಸಿದವನು ಮೋರ್ಗನ್ ಅಲ್ಲ. ಎರಡನೆಯ ಕಂತಿನಲ್ಲಿ ಅವನ ಹಣವೂ ಇರಲಿಲ್ಲ. ಆದರೆ ಅವನು ಏನೂ ಅರಿಯದ ಸಾಲಿಗನಾಗಿದ್ದನೆಂಬ ಭಾಗ ಅಷ್ಟು ಗಟ್ಟಿಯಲ್ಲ. ಅಡವಿನ ವಸ್ತುವಿನ ಬೆಲೆಯನ್ನು ವಿಚಾರಿಸದೆ ಸಾಲ ಕೊಡುವ ಲೇವಾದೇವಿಗಾರನು ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ. ಸರ್ಕಾರಕ್ಕೆ ಸಂದ 17,486 ಡಾಲರ್ ಹೋದದ್ದು ಅವನದೇ ಹಣದಿಂದ. ಸರ್ಕಾರದಿಂದ ಬಂದ 55,550 ಡಾಲರ್ ಸೇರಿದ್ದು ಅವನದೇ ಕೈಗೆ. ಮೊದಲನೆಯದು ಎಲ್ಲ ಬಂದೂಕುಗಳ ಬೆಲೆ, ಎರಡನೆಯದು ಅರ್ಧದಷ್ಟರ ಬೆಲೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ನೋಡುವ ಅವಕಾಶ ರಿಪ್ಲಿಗೆ ಇರಲಿಲ್ಲ, ಫ್ರೆಮಾಂಟ್‌ಗೂ ಇರಲಿಲ್ಲ, ಅವನಿಗಿತ್ತು. ಅದು ಅಂದಿನ ಕಾನೂನಿನಲ್ಲಿ ಅಪರಾಧವಲ್ಲ. ಮೈಯರ್ಸ್ ಬರೆದಷ್ಟು ದೊಡ್ಡ ದ್ರೋಹವೂ ಅದಲ್ಲ, ವಾಸನ್ ಬರೆದಷ್ಟು ನಿರಪಾಯದ ಸಂಗತಿಯೂ ಅಲ್ಲ.

ನ್ಯಾಯಾಲಯದ ತೀರ್ಪಿನೊಂದಿಗೆ ಸರ್ಕಾರದ ಲೆಕ್ಕ ಮುಗಿಯಿತು. ಎರಡು ಕಂತುಗಳನ್ನು ಕೂಡಿಸಿದರೆ 1,13,725 ಡಾಲರ್. ಅಷ್ಟು ತೆತ್ತು ಅದು ಪಡೆದದ್ದು, 17,486 ಡಾಲರಿಗೆ ತಾನೇ ಮಾರಿದ್ದ ಹಾಲ್ ಕಾರ್ಬೈನುಗಳನ್ನು. ಈ ಬಾರಿ ನಳಿಗೆಯೊಳಗೆ ಗೀರುಗಳಿದ್ದವು.